ಹಸಿರಿನ ಮಾತು, ಹಣದ ಮಾತು

(ಪುಸ್ತಕ ವಿಮರ್ಶೆ)

ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲೌದಾತೊ ಸಿ' ಎಂಬ ಸುದೀರ್ಘ ಪತ್ರವನ್ನು ಕ್ವೀನ್ಸ್‌ಬರಿಯ ನಮ್ಮ ಸದಸ್ಯ ಕುಟುಂಬಗಳೆಲ್ಲ, ಕ್ರೈಸ್ತರಲ್ಲದವರೂ ಸಹ, ಒಮ್ಮೆ ಓದಬೇಕೆಂದು ನಮ್ಮ ಅಭಿಪ್ರಾಯ. ಆರು ಅಧ್ಯಾಯ, 246 ಪರಿಚ್ಛೇದಗಳ ಈ ಬರಹ ಭೂಮಿಯ ಮೇಲೆ ಬಾಳುವ ಪ್ರತಿಯೊಬ್ಬರನ್ನೂ ಉದ್ದೇಶಿಸಿದ್ದು. ಪೋಪರು 2025ರ ಏಪ್ರಿಲ್‌ನಲ್ಲಿ ತೀರಿಕೊಂಡರು; ಅವರು ಎತ್ತಿದ ಪ್ರಶ್ನೆಗಳು ಹಾಗೆಯೇ ಉಳಿದಿವೆ.

ಪತ್ರದ ಹೆಸರು ಅಸ್ಸೀಸಿಯ ಸಂತ ಫ್ರಾನ್ಸಿಸನ ಹಾಡಿನಿಂದ ಬಂದದ್ದು. ಸೂರ್ಯನನ್ನು ಅಣ್ಣನೆಂದೂ ನೀರನ್ನು ತಂಗಿಯೆಂದೂ ಕರೆದ ಈ ಸಂತ ಬಟ್ಟೆ ವ್ಯಾಪಾರಿಯ ಮಗ. ತಂದೆಯ ಐಶ್ವರ್ಯವನ್ನು ಬಿಟ್ಟು ಹೊರಟವನು. ಹಕ್ಕಿಗಳೊಡನೆ ಮಾತಾಡಿದವನೆಂದು ಅವನನ್ನು ನೆನೆಯುವ ಲೋಕ, ಆಸ್ತಿ ಬಿಟ್ಟವನೆಂಬುದನ್ನು ಮರೆಯುತ್ತದೆ. ಈ ಪತ್ರಕ್ಕೂ ಅದೇ ಗತಿ ಬಂದಿದೆ. 'ಪರಿಸರದ ಪತ್ರ'ವೆಂದು ಹೊಗಳಿ, ಹಣದ ಮಾತು ಬಂದಲ್ಲಿ ಪುಟ ಮಗುಚುವವರೇ ಹೆಚ್ಚು.

ಭೂಮಿಯ ಮೇಲೆ ಮನುಷ್ಯನಿಗಿರುವ ಅಧಿಕಾರವೆಂದರೆ ದೋಚುವ ಪರವಾನಗಿಯಲ್ಲ. ತೋಟವನ್ನು ಉಳುವುದರ ಜೊತೆಗೆ ಕಾಯುವುದೂ ಬೈಬಲಿನ ಅಪ್ಪಣೆ ಎನ್ನುತ್ತಾರೆ ಪೋಪರು. ಖಾಸಗಿ ಆಸ್ತಿಯನ್ನು ಅವರು ಅಲ್ಲಗಳೆಯುವುದಿಲ್ಲ. ಆದರೆ ಭೂಮಿಯ ಫಲ ಎಲ್ಲರಿಗೂ ಸಲ್ಲಬೇಕೆಂಬ ನಿಯಮಕ್ಕೆ ಅದು ಅಧೀನ. ಶ್ರೀಮಂತ ದೇಶಗಳು ಬಡ ದೇಶಗಳಿಗೆ ಸಾಲಗಾರರೆಂಬ ಮಾತನ್ನೂ ಅವರು ನೇರವಾಗಿಯೇ ಹೇಳುತ್ತಾರೆ.

ಇದು ನಮ್ಮ ನಾಡಿಗೆ ಅಪರಿಚಿತವಾದ ವಿಚಾರವಲ್ಲ. ಮಂಗಳೂರಿನ ಕೆಥೊಲಿಕರು ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರೂ ಹಂಚಿಕೊಂಡು ಉಣ್ಣುತ್ತಾರೆ. ಕುಂದಾಪುರದ ಕಡೆಯ ಹೊಸ್ತು, ಕೊಡಗಿನ ಪುತ್ತರಿ ಇದರ ನೆಂಟರೇ. ಗದ್ದೆ ಯಾರದಾದರೂ ಮೊದಲ ಕಾಳು ದೇವರದು, ಆಮೇಲೆ ಎಲ್ಲರದು. ಊಟಕ್ಕೆ ಮೊದಲೂ ಕೊನೆಗೂ ದೇವರನ್ನು ನೆನೆಯುವ ರೂಢಿಗೆ ಮರಳಿರೆಂದು ಪತ್ರ ಹೇಳುವಾಗ ನಮಗೆ ಈ ತೆನೆಯೇ ಕಣ್ಮುಂದೆ ಬಂತು.

ಹಾಗೆಂದು ಪತ್ರದಲ್ಲಿ ಕೊರತೆಗಳಿಲ್ಲವೆಂದಲ್ಲ. ಹಾನಿಕರ ಭೋಗಕ್ಕೆ ಪೋಪರು ಹವಾನಿಯಂತ್ರಣ ಯಂತ್ರದ ಉದಾಹರಣೆ ಕೊಡುತ್ತಾರೆ. ಕಲಬುರಗಿಯ ಮೇ ತಿಂಗಳ ಬಿಸಿಲು ಉಂಡವರು ಇದನ್ನು ಸುಲಭವಾಗಿ ಒಪ್ಪಲಾರರು. ಅಲ್ಲಿ ವೃದ್ಧರಿಗೆ ತಂಪು ಕೋಣೆ ಪ್ರಾಣ ಉಳಿಸುವ ಸಾಧನ. ಜನಸಂಖ್ಯೆಯ ಪ್ರಶ್ನೆಯನ್ನು ಒಂದೇ ಪರಿಚ್ಛೇದದಲ್ಲಿ ಮುಗಿಸಿರುವುದೂ ನಮಗೆ ಸಮಾಧಾನ ತರಲಿಲ್ಲ. ಹೆಚ್ಚು ಹೆರುವ ಬಡವರಿಗಿಂತ ಹೆಚ್ಚು ಬಳಸುವ ಸಿರಿವಂತರನ್ನು ಕೇಳಿರೆಂಬ ಮಾತು ನ್ಯಾಯವೇ. ಆದರೆ ಹೆರುವ ತಾಯಿಯ ಇಚ್ಛೆ, ಆರೋಗ್ಯಗಳ ಬಗ್ಗೆ ಅಲ್ಲಿ ಮಾತಿಲ್ಲ.

ಇಷ್ಟಿದ್ದರೂ ಪತ್ರ ನಮ್ಮನ್ನು ಬಿಡುವುದಿಲ್ಲ. ಪೌಂಡಿನಲ್ಲಿ ದುಡಿದು, ಊರಿನ ಗದ್ದೆಗೆ ಮಣ್ಣು ತುಂಬಿಸಿ, ವರ್ಷಕ್ಕೆ ಮೂರು ವಾರ ಮಾತ್ರ ಬಾಗಿಲು ತೆರೆಯುವ ಮನೆ ಕಟ್ಟುವವರು ನಮ್ಮಲ್ಲೇ ಇದ್ದಾರಲ್ಲವೇ? ಗದ್ದೆಯೇ ಹೋದ ಮೇಲೆ ತೆನೆ ಎಲ್ಲಿಂದ ತರುವುದು? ಉಣ್ಣುವಷ್ಟೇ ಬೇಯಿಸಿ ಎಂಬ ಸಣ್ಣ ಸಲಹೆಯೊಂದು ಇದೇ ಪತ್ರದಲ್ಲಿದೆ. ಅದನ್ನಂತೂ ಬರುವ ಯುಗಾದಿಯ ಕೂಟದಲ್ಲೇ ಪಾಲಿಸಬಹುದು. ಗದ್ದೆಯ ಪ್ರಶ್ನೆಗೆ ಉತ್ತರವನ್ನು ಪ್ರತಿಯೊಂದು ಮನೆಯೂ ತಾನೇ ಹುಡುಕಿಕೊಳ್ಳಬೇಕು.