ಬಾಯಿಮಾತಿನ ಬಾಡಿಗೆ

ಬಾಗಲಕೋಟೆಯ ನವನಗರ ಮುಳುಗಡೆಯಿಂದ ಹುಟ್ಟಿದ ಊರು. ಆಲಮಟ್ಟಿ ಹಿನ್ನೀರಿಗೆ ಹಳೆಯ ಮನೆ ಬಿಟ್ಟುಕೊಟ್ಟ ಅನೇಕರು ಚಾರ್ಲ್ಸ್ ಕೊರಿಯಾ ರೂಪಿಸಿದ ಈ ಹೊಸ ಊರಿನಲ್ಲಿ ನಿವೇಶನ ಪಡೆದು, ಕೆಳಗೆ ತಾವಿದ್ದು, ಮೇಲಿನ ಖೋಲಿಗಳನ್ನು ಬಾಡಿಗೆಗೆ ಬಿಟ್ಟಿದ್ದಾರೆ. ವಿದ್ಯಾಗಿರಿಯಲ್ಲಿ ಕಾಲೇಜು ಹುಡುಗರೇ ಹೆಚ್ಚು. ಇಲ್ಲಿ ನಡುವೆ ಏಜೆಂಟ್ ಇಲ್ಲ. ನಳ ಸೋರಿದರೂ ಬಾಡಿಗೆ ತಡವಾದರೂ ಮಾತು ಮೆಟ್ಟಿಲ ಮೇಲೇ ಮುಗಿಯುತ್ತದೆ. ಮನೆಯಲ್ಲಿ ಕಾಯಿಲೆ ಬಿದ್ದ ತಿಂಗಳು ‘ಇರಲಿ ಬಿಡ್ರಿ, ಮುಂದಿನ ತಿಂಗಳ ಕೊಡೀರಂತ’ ಎನ್ನುವ ಮಾಲಕರು ಇಲ್ಲಿದ್ದಾರೆ. ಈ ಗುಣವನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ. ಆದರೆ ಇದೇ ಪದ್ಧತಿಯಲ್ಲಿ ಏನನ್ನೂ ಬರೆದಿಡುವುದಿಲ್ಲ. ಪೆಟ್ಟು ಬೀಳುವುದು ಅಲ್ಲಿ, ಅದೂ ಹೆಚ್ಚಾಗಿ ಬಾಡಿಗೆಯವರಿಗೆ.

ಕರೆಂಟಿನ ಲೆಕ್ಕವನ್ನೇ ನೋಡಿ. 2023ರಲ್ಲಿ ಬಂದ ಗೃಹಜ್ಯೋತಿ ಬಾಡಿಗೆದಾರರಿಗೂ ಸಲ್ಲುತ್ತದೆ, ಆದರೆ ಆ ಮನೆಯಲ್ಲಿ ವಾಸವಿರುವುದಕ್ಕೆ ದಾಖಲೆ ಬೇಕು. ಬಾಯಿಮಾತಿನ ಬಾಡಿಗೆಗೆ ದಾಖಲೆ ಎಲ್ಲಿಂದ ಬರಬೇಕು? ಮೂರು ಸಂಸಾರಕ್ಕೆ ಒಂದೇ ಮೀಟರ್ ಇದ್ದರೆ ಇನ್ನೂ ಕಷ್ಟ: ಎಲ್ಲರ ಬಳಕೆ ಸೇರಿ 200 ಯೂನಿಟ್ ದಾಟಿತೆಂದರೆ ಇಡೀ ಬಿಲ್ಲನ್ನು ಕಟ್ಟಬೇಕು. ಮಿತವಾಗಿ ಬಳಸಿದವರೂ ಸೌಲಭ್ಯ ಕಳೆದುಕೊಳ್ಳುತ್ತಾರೆ. ಮೇಲಿನ ಮನೆಗೆ ಬಣ್ಣ ಹಚ್ಚಿಸುವ ಮೊದಲು ಹೆಸ್ಕಾಂನಿಂದ ಬೇರೆ ಮೀಟರ್ ಹಾಕಿಸುವುದು ಮಾಲಕರ ಮೊದಲ ಕೆಲಸ ಎಂದು ನಾನು ಒತ್ತಿ ಹೇಳುತ್ತೇನೆ.

ಡಿಪಾಜಿಟ್ ವಿಷಯದಲ್ಲೂ ಇದೇ ಕತೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟು ಮುಂಗಡ ಸಾಕೆನ್ನುತ್ತದೆ. ಅದು ಮಾದರಿ ಮಾತ್ರ, ರಾಜ್ಯ ಒಪ್ಪಿ ಶಾಸನ ಮಾಡದೆ ಯಾರನ್ನೂ ಕಟ್ಟಿಹಾಕದು. ಆದರೂ ಅಳತೆಗೆ ಒಳ್ಳೆಯದು. ಮನೆ ಬಿಡುವಾಗ ಬಣ್ಣಕ್ಕಿಷ್ಟು, ಬಾಗಿಲಿಗಿಷ್ಟು ಎಂದು ಮುರಿದುಕೊಳ್ಳುವ ಜಗಳಕ್ಕೆ ಮದ್ದು ಮೊದಲ ದಿನವೇ ಇದೆ: ಇಬ್ಬರೂ ಕೂಡಿ ಮನೆ ಸುತ್ತಿ, ಗೋಡೆ, ನಳ, ಕಿಟಕಿಯ ಫೋಟೋ ತೆಗೆದು, ಹನ್ನೊಂದು ತಿಂಗಳ ಕರಾರಿಗೆ ಸಹಿ ಮಾಡುವುದು.

ಇಳಕಲ್ಲಿನಲ್ಲಿ ಮಾತು ಇನ್ನೂ ಸೂಕ್ಷ್ಮ. ನೇಕಾರನಿಗೆ ಮನೆಯೆಂದರೆ ದುಡಿಯುವ ಜಾಗವೂ ಹೌದು. ಕುಣಿಮಗ್ಗಕ್ಕೆ ನೆಲ ಅಗೆಯಬೇಕು, ಮಗ್ಗದ ಸದ್ದು ಓಣಿಗೆಲ್ಲ ಕೇಳುತ್ತದೆ. ಮಾಲಕ ‘ಹಾಕ್ಕೊಳ್ರಿ’ ಎಂದಿರುತ್ತಾನೆ. ಅವನ ನಂತರ ಮಗ ಬಂದು ‘ನೆಲಾ ಯಾರನ್ನ ಕೇಳಿ ಅಗದೀರಿ?’ ಎನ್ನಬಹುದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಇಬ್ಬರನ್ನೂ ಕಾಯುತ್ತದೆ: ಬಾಡಿಗೆದಾರ ತಾನು ನೆಲಕ್ಕೆ ಜೋಡಿಸಿದ್ದನ್ನು ಮನೆ ಬಿಡುವ ಮುನ್ನ ತೆಗೆದುಕೊಂಡು ಹೋಗಬಹುದು, ಆದರೆ ಮನೆ ಮೊದಲು ಹೇಗಿತ್ತೋ ಹಾಗೆ ಒಪ್ಪಿಸಬೇಕು. ಮಗ್ಗಕ್ಕೆ ಒಪ್ಪಿಗೆ ಇದೆ, ಬಿಡುವಾಗ ಕುಣಿ ಮುಚ್ಚಿಸುವವರು ಯಾರು ಎಂಬ ಎರಡು ಸಾಲು ಕರಾರಿನಲ್ಲಿದ್ದರೆ ಒಂದು ಸಂಸಾರದ ಅನ್ನ ಉಳಿಯುತ್ತದೆ. ಇದೇ ಕಲಮಿನಲ್ಲಿ ಹೆಚ್ಚಿನವರಿಗೆ ಗೊತ್ತಿರದ ಇನ್ನೊಂದು ಮಾತಿದೆ: ತಾನು ಮಾಡಿಸಬೇಕಾದ ರಿಪೇರಿಯನ್ನು ಮಾಲಕ ನೋಟಿಸು ಕೊಟ್ಟ ಮೇಲೂ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು.

ಬಾದಾಮಿಯಲ್ಲಿ ರಿಪೇರಿಗೂ ಅಪ್ಪಣೆ ಬೇಕಾಗಬಹುದು. ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಇದ್ದ ಮನೆಯ ದುರಸ್ತಿಗೂ ಅನುಮತಿ ಪಡೆಯಬೇಕು. ಹಾಗಾಗಿ ಮಣ್ಣಿನ ಮಾಳಿಗೆಯ ಹಳೆ ಮನೆ ಬಾಡಿಗೆಗೆ ಕೊಟ್ಟವರು ಸೋರಲಿ ನೋಡೋಣ ಎಂದು ಮಳೆಗಾಲದವರೆಗೆ ಕಾಯುವಂತಿಲ್ಲ. ಬೇಸಿಗೆಗೂ ಮುಂಚೆ ಅರ್ಜಿ ಹಾಕಬೇಕು. ಅನುಮತಿ ತಡವಾಗಬಹುದೆಂದು ಬಾಡಿಗೆಯವರಿಗೆ ಮೊದಲೇ ಹೇಳಬೇಕು.

ಇಷ್ಟೆಲ್ಲ ಬರುವುದು ಬಾಗಿಲು ದಾಟಿದ ಮೇಲೆ. ಹುನಗುಂದದಂಥ ಸಣ್ಣ ಊರಿಗೆ ಬದಲಿಯಾಗಿ ಬಂದ ಮಾಸ್ತರರಿಗೆ ಹೊಸ್ತಿಲಲ್ಲೇ ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆ ಎದುರಾಗಬಹುದು. ಬಸವಣ್ಣನವರ ಐಕ್ಯಸ್ಥಳ ಕೂಡಲಸಂಗಮ ಇರುವ ಸೀಮೆಯಲ್ಲಿ ಈ ಪ್ರಶ್ನೆ ಕೇಳಿದಾಗ ನನಗೆ ಸಂಕಟವಾಗುತ್ತದೆ. ಬಾಡಿಗೆ ವಸೂಲಾಗುವುದಕ್ಕೂ ಮನೆ ಚೊಕ್ಕಟವಾಗಿರುವುದಕ್ಕೂ ಜಾತಿ ಯಾವ ಖಾತ್ರಿಯನ್ನೂ ಕೊಡುವುದಿಲ್ಲ. ಎಲ್ಲಿ ಕೆಲಸ, ಎಷ್ಟು ಮಂದಿ ಇರುತ್ತೀರಿ, ಹಿಂದಿನ ಮನೆ ಮಾಲಕರ ಫೋನ್ ನಂಬರ್ ಏನು, ಗುರುತಿನ ಚೀಟಿಯ ಒಂದು ಪ್ರತಿ ಕೊಡುತ್ತೀರಾ: ಮಾಲಕ ಕೇಳಬೇಕಾದದ್ದು ಇಷ್ಟೇ.