ಹದಿನೈದು ನಿಮಿಷದ ಅಡುಗೆ

ಅವಸರದ ರಾತ್ರಿಯೂಟಕ್ಕೆ ಬೀಫ್ ನೂಡಲ್ಸ್ ಹೇಳಿಕೊಡುವ ಪಾಕವಿಧಾನಗಳು '15 ನಿಮಿಷ ಸಾಕು' ಎನ್ನುತ್ತವೆ. ಚೀನಾದ ಗುವಾಂಗ್‌ಝೌನಲ್ಲಿ ಈ ಮಾತು ನಡೆಯುತ್ತದೆ. ಎಳೆಗೆ ಅಡ್ಡವಾಗಿ ತೆಳ್ಳಗೆ ಕೊಯ್ದ ಮಾಂಸಕ್ಕೆ ಸೋಯಾ ಸಾಸ್, ಕಾರ್ನ್‌ಫ್ಲೋರ್ ಸವರಿ, ಅಗಲವಾದ ಅಕ್ಕಿ ನೂಡಲ್ಸ್ ಜೊತೆ ಕಾದ ಬಾಣಲೆಯಲ್ಲಿ ಹುರಿದರೆ ಮುಗಿಯಿತು.

ನಮ್ಮಲ್ಲಿ ಹಾಗಲ್ಲ. ಕರ್ನಾಟಕದ 2020ರ ಜಾನುವಾರು ಕಾಯ್ದೆಯು 13 ವರ್ಷ ಮೀರಿದ ಎಮ್ಮೆ-ಕೋಣಗಳ ವಧೆಗೆ ಮಾತ್ರ ಅವಕಾಶ ಉಳಿಸಿತು. ಆ ವಯಸ್ಸಿನ ಮಾಂಸ ಬಾಣಲೆಗೆ ಬಗ್ಗುವುದಿಲ್ಲ. ಮೊದಲು ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ, ಬಳಿಕ ನೂಡಲ್ಸಿಗೆ ಬೆರೆಸಬೇಕು. ಆ ಹೊತ್ತನ್ನು ಪಾಕವಿಧಾನ ಲೆಕ್ಕಕ್ಕೇ ಹಿಡಿಯುವುದಿಲ್ಲ. ದುಡಿದು ಬಂದ ಹೆಣ್ಣುಮಗಳು ತನ್ನ ಕೈಗುಣವನ್ನೇ ಶಂಕಿಸುತ್ತಾಳೆ. ತಪ್ಪು ಅವಳದಲ್ಲ. ಯಾವ ಮಾಂಸವೆಂದು ಹೇಳದ ಪಾಕವಿಧಾನವನ್ನು ನಾವು ಅರ್ಧ ಬರಹವೆಂದೇ ಎಣಿಸುತ್ತೇವೆ.