ವಾಕ್ಯ ಪುನರ್ರಚನೆ ಮತ್ತು ಇಂಗ್ಲಿಷ್ ಫ್ರೇಸಲ್ ವರ್ಬ್: ವಿಜಯಪುರದ ಕಲಿಕೆಯ ಸಂದರ್ಭದಲ್ಲಿ ಒಂದು ವಿಮರ್ಶೆ

ಸಾರಾಂಶ

ಇಂಗ್ಲಿಷಿನ ಫ್ರೇಸಲ್ ವರ್ಬ್‌ಗಳನ್ನು ವಾಕ್ಯ ಪುನರ್ರಚನೆಯ ಮೂಲಕ ರೂಢಿಸುವ ಕ್ರಮವು ಏಕಪದ ಕ್ರಿಯಾಪದವೂ ಫ್ರೇಸಲ್ ವರ್ಬ್ ಕೂಡ ಸಮಾನಾರ್ಥಕಗಳೆಂಬ ಗ್ರಹಿಕೆಯ ಮೇಲೆ ನಿಂತಿದೆ. ಈ ಗ್ರಹಿಕೆ ಕನ್ನಡ ಕಲಿಕಾರ್ಥಿಯ ಭಾಷೆಯಲ್ಲೇ ಇರುವ ನೆರವನ್ನೂ ಅದೇ ಭಾಷೆಯಿಂದ ಒದಗುವ ಅಪಾಯವನ್ನೂ ಮರೆಮಾಡುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ. ಪರೀಕ್ಷೆ, ಸಭೆಗಳ ದಿನ ಬದಲಾಯಿಸುವ ಕ್ರಿಯಾಪದಗಳನ್ನು ಮುಖ್ಯ ನಿದರ್ಶನವಾಗಿ ತೆಗೆದುಕೊಳ್ಳಲಾಗಿದೆ.

ಮುಖ್ಯಪದಗಳು: ಫ್ರೇಸಲ್ ವರ್ಬ್, ಸಂಯುಕ್ತ ಕ್ರಿಯಾಪದ, ವಾಕ್ಯ ಪುನರ್ರಚನೆ, ವರ್ಜನೆ, ವ್ಯತಿರೇಕ ವಿಶ್ಲೇಷಣೆ

1. ಪೀಠಿಕೆ

ವಿಜಯಪುರ ನಗರದಿಂದ ಉತ್ತರಕ್ಕೆ ಹೊರಡುವ ಸೊಲ್ಲಾಪುರ ರಸ್ತೆಯು ಗಡಿ ದಾಟಿ ಮಹಾರಾಷ್ಟ್ರವನ್ನು ಸೇರುತ್ತದೆ. ಈ ರಸ್ತೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುತ್ತವೆ. ತಿಕೋಟಾ, ಬಬಲೇಶ್ವರದ ಕಡೆಯಿಂದ ನಗರಕ್ಕೆ ಓದಲು ಬರುವ ವಿದ್ಯಾರ್ಥಿಗೆ ಇಂಗ್ಲಿಷ್ ಇವುಗಳ ನಂತರ ಬರುವ ಭಾಷೆ, ಬಹುಮಟ್ಟಿಗೆ ಪರೀಕ್ಷೆಯ ಭಾಷೆ. ಆ ಭಾಷೆಯೊಡನೆ ಅವನ ಒಡನಾಟ ನಡೆಯುವುದು ‘ರೀರೈಟ್ ಆಸ್ ಡೈರೆಕ್ಟೆಡ್’ ಎಂಬ ಸೂಚನೆಯ ಕೆಳಗೆ. ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಪುಸ್ತಕದ ವಾಕ್ಯ ಪರಿವರ್ತನೆಯ ಪಾಠಗಳಿಂದ ಹಿಡಿದು ಕೇಂಬ್ರಿಜ್‌ನ ಬಿ2 ಫಸ್ಟ್ ಪರೀಕ್ಷೆಯ ‘ಕೀ ವರ್ಡ್ ಟ್ರಾನ್ಸ್‌ಫರ್ಮೇಷನ್’ವರೆಗೆ ಈ ಬಗೆಯ ಅಭ್ಯಾಸಕ್ಕೆ ದೀರ್ಘ ಪರಂಪರೆಯಿದೆ. ಫ್ರೇಸಲ್ ವರ್ಬ್‌ಗಳ ಅಭ್ಯಾಸದಲ್ಲಿ ಅದರ ಸಾಮಾನ್ಯ ರೂಪ ಹೀಗಿರುತ್ತದೆ:

(1) ದಿ ಎಕ್ಸಾಮಿನೇಷನ್ ವಾಸ್ ಪೋಸ್ಟ್‌ಪೋನ್ಡ್. (ಸೂಚಿತ ಪದ: ಪುಟ್)
(2) ದಿ ಎಕ್ಸಾಮಿನೇಷನ್ ವಾಸ್ ಪುಟ್ ಆಫ್.

(1)ನ್ನು (2)ಕ್ಕೆ ತಿರುಗಿಸಿದವನಿಗೆ ಅಂಕ ದೊರೆಯುತ್ತದೆ. ಆದರೆ ಅವನು ಕಲಿತದ್ದೇನು? ಈ ಪ್ರಶ್ನೆಯನ್ನು ಮುಂದಿನ ಪುಟಗಳಲ್ಲಿ ಪರಿಶೀಲಿಸಲಾಗುವುದು.

2. ಅಭ್ಯಾಸದ ಒಳಗಿರುವ ಸಿದ್ಧಾಂತ

‘ಫ್ರೇಸಲ್ ವರ್ಬ್’ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಲೋಗನ್ ಪಿಯರ್ಸಲ್ ಸ್ಮಿತ್ ಅವರ 1925ರ ಪುಸ್ತಕದಿಂದ. ಆಗಿನಿಂದಲೂ ಇವುಗಳನ್ನು ಏಕಪದ ಕ್ರಿಯಾಪದದ ಪಕ್ಕದಲ್ಲಿಟ್ಟು ವಿವರಿಸುವುದು ಸುಲಭವೆನಿಸಿದೆ. ಪುನರ್ರಚನೆಯ ಅಭ್ಯಾಸ ಈ ಸೌಲಭ್ಯವನ್ನೇ ಸಿದ್ಧಾಂತವಾಗಿಸುತ್ತದೆ. ಅದರಲ್ಲಿ ಮೂರು ಕೊರತೆಗಳನ್ನು ಗುರುತಿಸಬಹುದು.

ಮೊದಲನೆಯದು ಅನೇಕಾರ್ಥತೆ. ಗಾರ್ಡ್ನರ್ ಮತ್ತು ಡೇವೀಸ್ (2007) ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಆಧರಿಸಿ ತೋರಿಸಿದಂತೆ, 20 ಕ್ರಿಯಾಪದಗಳು 8 ಅವ್ಯಯಗಳೊಡನೆ ಸೇರಿ ಆಗುವ ರೂಪಗಳೇ ಒಟ್ಟು ಫ್ರೇಸಲ್ ವರ್ಬ್ ಪ್ರಯೋಗಗಳ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಆವರಿಸುತ್ತವೆ. ಅತಿಬಳಕೆಯ 100 ರೂಪಗಳಿಗೆ ಸರಾಸರಿ 5.6 ಅರ್ಥಗಳಿವೆ. ಒಂದು ರೂಪಕ್ಕೆ ಒಂದೇ ಸಮಾನಪದ ಕೊಡುವ ಅಭ್ಯಾಸ ಉಳಿದ ಅರ್ಥಗಳನ್ನು ಕೈಬಿಡುತ್ತದೆ. ‘ಮೇಕ್ ಅಪ್’ ಎಂಬುದಕ್ಕೆ ‘ಇನ್ವೆಂಟ್’ ಎಂದು ಕಲಿತವನು, ಜಗಳವಾಡಿದ ಗೆಳೆಯರು ಮತ್ತೆ ಒಂದಾದರು ಎಂಬಲ್ಲಿ ಅದೇ ರೂಪವನ್ನು ಕಂಡಾಗ ತಡವರಿಸುತ್ತಾನೆ.

ಎರಡನೆಯದು ಪದಕ್ರಮ. ಇಂಗ್ಲಿಷಿನಲ್ಲಿ ‘ಪುಟ್ ಆಫ್ ದ ಮೀಟಿಂಗ್’, ‘ಪುಟ್ ದ ಮೀಟಿಂಗ್ ಆಫ್’ ಎರಡೂ ಸಲ್ಲುತ್ತವೆ. ಕರ್ಮವು ಸರ್ವನಾಮವಾದರೆ ಮಾತ್ರ ‘ಪುಟ್ ಇಟ್ ಆಫ್’ ಒಂದೇ ದಾರಿ. (1)ರಂಥ ಕರ್ಮಣಿ ವಾಕ್ಯದಲ್ಲಿ ಈ ನಿಯಮ ತಲೆಯೆತ್ತುವುದೇ ಇಲ್ಲ. ಕ್ರಿಯಾಪದದ ಬಳಿಕ ಕರ್ಮವನ್ನಿಡುವುದೇ ಹೊಸದಾಗಿರುವ ಕನ್ನಡಿಗನಿಗೆ ಅತ್ಯಗತ್ಯವಾದ ಪಾಠ ಹೀಗೆ ತಪ್ಪಿಹೋಗುತ್ತದೆ.

ಮೂರನೆಯದು ಭಾಷಾಸ್ತರ. ಅಧಿಕೃತ ಸೂಚನೆಗೆ ‘ಪೋಸ್ಟ್‌ಪೋನ್’ ಒಪ್ಪುತ್ತದೆ. ಗೆಳೆಯರ ಮಾತಿಗೆ ‘ಪುಟ್ ಆಫ್’ ಒಪ್ಪುತ್ತದೆ. ಸಂದರ್ಭವಿಲ್ಲದ ಒಂಟಿ ವಾಕ್ಯದಲ್ಲಿ ಈ ಭೇದ ಅಳಿದುಹೋಗುತ್ತದೆ.

ನ್ಯಾಯಕ್ಕಾಗಿ ಒಂದು ಮಾತನ್ನು ಸೇರಿಸಬೇಕು. ಬಿ2 ಫಸ್ಟ್‌ನ ಈ ಭಾಗದಲ್ಲಿ ಉತ್ತರ ಎರಡರಿಂದ ಐದು ಪದಗಳಷ್ಟಿರಬೇಕು, ಪ್ರತಿ ಪ್ರಶ್ನೆಗೆ ಗರಿಷ್ಠ 2 ಅಂಕ. ಪದದ ಜೊತೆಗೆ ವಾಕ್ಯರಚನೆಯೂ ಬದಲಾಗಬೇಕಾದ್ದರಿಂದ ಅದು ಬರಿಯ ಪದಬದಲಾವಣೆಗಿಂತ ಮೇಲು. ಅಳತೆಗೋಲಾಗಿ ಅದು ಉಪಯುಕ್ತ. ಅಳತೆಗೋಲನ್ನೇ ಪಾಠವನ್ನಾಗಿ ಮಾಡಿಕೊಂಡಲ್ಲಿ ತೊಡಕು ಹುಟ್ಟುತ್ತದೆ.

3. ಕನ್ನಡದ ಸಂಯುಕ್ತ ಕ್ರಿಯಾಪದಗಳು

ಡಾಗುಟ್ ಮತ್ತು ಲಾಫರ್ (1985) ಅವರ ಪ್ರಕಾರ, ಫ್ರೇಸಲ್ ವರ್ಬ್‌ಗಳಿಲ್ಲದ ಹೀಬ್ರೂ ಮಾತೃಭಾಷೆಯ ಕಲಿಕಾರ್ಥಿಗಳು ಇಂಗ್ಲಿಷಿನಲ್ಲಿ ಅವುಗಳನ್ನು ವರ್ಜಿಸುತ್ತಾರೆ. ಲಾಫರ್ ಮತ್ತು ಎಲಿಯಾಸನ್ (1993) ಅಂಥ ರೂಪಗಳಿರುವ ಸ್ವೀಡಿಷ್ ಭಾಷಿಕರಲ್ಲಿ ಈ ವರ್ಜನೆಯನ್ನು ಕಾಣಲಿಲ್ಲ. ಕನ್ನಡವನ್ನು ಈ ಎರಡರಲ್ಲಿ ಯಾವ ಪಕ್ಕಕ್ಕೆ ಇಡಬೇಕು? ಅವ್ಯಯ ಸೇರಿದ ಕ್ರಿಯಾಪದಗಳೇ ಬೇಕೆಂದರೆ ಕನ್ನಡ ಹೀಬ್ರೂವಿನ ಪಕ್ಕ ನಿಲ್ಲುತ್ತದೆ. ರೂಪವನ್ನು ಬಿಟ್ಟು ಕಾರ್ಯವನ್ನು ನೋಡಿದರೆ ಉತ್ತರ ಬೇರೆಯಾಗುತ್ತದೆ.

(3) ಹಾಲು ಕುಡಿ / ಹಾಲು ಕುಡಿದುಬಿಡು
(4) ವಿಳಾಸ ಬರೆ / ವಿಳಾಸ ಬರೆದಿಡು
(5) ಬಸ್ಸು ಕೆಟ್ಟಿತು / ಬಸ್ಸು ಕೆಟ್ಟುನಿಂತಿತು

‘ಡ್ರಿಂಕ್ ಅಪ್’, ‘ರೈಟ್ ಡೌನ್’, ‘ಬ್ರೇಕ್ ಡೌನ್’ ಎಂಬಲ್ಲಿ ಅವ್ಯಯ ಮಾಡುವ ಕೆಲಸದ ಬಹುಪಾಲನ್ನು ಇಲ್ಲಿ ಎರಡನೆಯ ಕ್ರಿಯಾಪದ ಮಾಡುತ್ತದೆ. ಹ್ಯಾರಲ್ಡ್ ಷಿಫ್‌ಮನ್ ಅವರ ಆಡುಗನ್ನಡದ ವ್ಯಾಕರಣ (1983) ಬಿಡು, ಹೋಗು, ಹಾಕು, ಇಡು, ಕೊಳ್ಳು ಮುಂತಾದವುಗಳನ್ನು ಕ್ರಿಯೆಯ ಸ್ಥಿತಿಯನ್ನು ಸೂಚಿಸುವ ಕ್ರಿಯಾಪದಗಳಾಗಿ ವಿವರಿಸುತ್ತದೆ. ಈ ಲಕ್ಷಣ ಕನ್ನಡಕ್ಕಷ್ಟೇ ಸೀಮಿತವೂ ಅಲ್ಲ. ಮರಾಠಿಯ ‘ಖಾವೂನ್ ಟಾಕಲೇ’, ಉರ್ದುವಿನ ‘ಖಾ ಡಾಲಾ’ ಇದೇ ಮಾದರಿಯವು. ಕಾಲಿನ್ ಮಸಿಕಾ (1976) ಸಂಯುಕ್ತ ಕ್ರಿಯಾಪದವನ್ನು ದಕ್ಷಿಣ ಏಷ್ಯಾದ ಭಾಷಾವಲಯದ ಲಕ್ಷಣಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಗಂಪರ್ಜ್ ಮತ್ತು ವಿಲ್ಸನ್ (1971) ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆಗಳು ಒಂದರ ಹತ್ತಿರ ಒಂದು ಬಂದ ಬಗೆಯನ್ನು ದಾಖಲಿಸಿದ್ದಾರೆ. ಅಂದಮೇಲೆ ಸೊಲ್ಲಾಪುರ ರಸ್ತೆಯ ವಿದ್ಯಾರ್ಥಿ ಮನೆಯಲ್ಲಿ ಯಾವ ಭಾಷೆ ಆಡಿದರೂ, ಮೂಲ ಕ್ರಿಯೆಗೆ ಇನ್ನೊಂದು ಪದ ಸೇರಿ ಕ್ರಿಯೆ ಮುಗಿದದ್ದನ್ನು ಹೇಳುವ ವಿಧಾನ ಅವನಿಗೆ ಹೊಸದಲ್ಲ. ಇಂಗ್ಲಿಷಿನ ಲ್ಯಾಟಿನ್ ಮೂಲದ ಪದವನ್ನು ಮಾತ್ರ ಎದುರಿಗಿಡುವ ಅಭ್ಯಾಸ ಈ ತಿಳಿವಳಿಕೆಯನ್ನು ಬಳಸಿಕೊಳ್ಳುವುದೇ ಇಲ್ಲ.

ಆದರೆ ಹೋಲಿಕೆಯನ್ನು ಸಮೀಕರಣವಾಗಿಸಬಾರದು. ‘ಬಸ್ಸು ಹೋಗಿಬಿಟ್ಟಿತು’ ಎಂಬಲ್ಲಿ ಕ್ರಿಯೆ ಮುಗಿದದ್ದರ ಜೊತೆಗೆ ಹೇಳುವವನ ಹಳಹಳಿಯೂ ಇದೆ; ಇಂಗ್ಲಿಷಿನ ಅವ್ಯಯ ಅದನ್ನು ಹೊರುವುದಿಲ್ಲ. ‘ಡಿಡಂಟ್ ಡ್ರಿಂಕ್ ಇಟ್ ಅಪ್’ ಸಹಜ. ‘ಕುಡಿದುಬಿಡಲಿಲ್ಲ’ ಎಂಬುದು ವಿಶೇಷ ಸಂದರ್ಭವಿಲ್ಲದೆ ಕಿವಿಗೆ ಒಗ್ಗದು. ‘ಕೊಳ್ಳು’ ಸೂಚಿಸುವ ಆತ್ಮಾರ್ಥಕ್ಕೆ ಸಮನಾದ ಅವ್ಯಯವಂತೂ ಇಂಗ್ಲಿಷಿನಲ್ಲಿಲ್ಲ.

4. ‘ಮುಂದೆ’ ಎಂಬ ದಿಕ್ಕು

ನೆರವು ಅಪಾಯವಾಗುವ ಸ್ಥಳ (1)ರಲ್ಲೇ ಇದೆ. ವಿಜಯಪುರದ ಆಡುಮಾತಿನಲ್ಲಿ ‘ಪರೀಕ್ಷಾ ಮುಂದ ಹಾಕ್ಯಾರ’ ಎಂದರೆ ಪರೀಕ್ಷೆ ತಡವಾಯಿತೆಂದು ಅರ್ಥ. ಬರಹದ ‘ಮುಂದೂಡು’ ಕೂಡ ಅದನ್ನೇ ಹೇಳುತ್ತದೆ. ಮರಾಠಿಯ ‘ಪುಢೇ ಢಕಲಲೀ’ ಎಂಬುದರ ಚಿತ್ರವೂ ಮುಂದಕ್ಕೆ ನೂಕುವುದೇ. ಮೂರರಲ್ಲೂ ಮುಂದೆ ಎಂದರೆ ಬರಲಿರುವ ಕಾಲದ ಕಡೆ.

ಇಂಗ್ಲಿಷಿನಲ್ಲಿ ‘ಬ್ರಿಂಗ್ ಫಾರ್ವರ್ಡ್’ ಎಂದರೆ ನಿಗದಿಯಾದ ದಿನಕ್ಕಿಂತ ಮೊದಲೇ ನಡೆಸುವುದು. ‘ಪುಟ್ ಫಾರ್ವರ್ಡ್’ ಎಂದರೆ ಸಾಮಾನ್ಯವಾಗಿ ಸಲಹೆಯನ್ನು ಮಂಡಿಸುವುದು. ಬ್ರಿಟಿಷ್ ಬಳಕೆಯಲ್ಲಿ ಮುಂದೂಡುವುದಕ್ಕೆ ‘ಪುಟ್ ಬ್ಯಾಕ್’ ಎಂಬ ಮಾತೂ ಇದೆ. ನಮ್ಮ ‘ಮುಂದೆ’ ಅಲ್ಲಿ ‘ಹಿಂದೆ’ ಆಗುತ್ತದೆ. ಹಾಗಾಗಿ ಸೋಮವಾರಕ್ಕೆ ‘ಬ್ರಾಟ್ ಫಾರ್ವರ್ಡ್’ ಆಗಿರುವ ಪರೀಕ್ಷೆಯ ಸೂಚನೆಯನ್ನು ಓದಿದ ವಿದ್ಯಾರ್ಥಿ, ‘ಮುಂದೂಡಿದ್ದಾರೆ, ಇನ್ನೂ ಸಮಯವಿದೆ’ ಎಂದು ನೆಮ್ಮದಿಯಿಂದಿದ್ದರೆ ಅವನು ಪರೀಕ್ಷೆಯನ್ನೇ ಕಳೆದುಕೊಳ್ಳುತ್ತಾನೆ. (1)ನ್ನು (2)ಕ್ಕೆ ತಪ್ಪಿಲ್ಲದೆ ತಿರುಗಿಸಿ ಪೂರ್ಣಾಂಕ ಪಡೆದವನೂ ಈ ತಪ್ಪಿನಿಂದ ಪಾರಾಗುವುದಿಲ್ಲ. ಏಕೆಂದರೆ ಅವನು ಕಲಿತದ್ದು ‘ಪುಟ್ ಆಫ್’ ಎಂಬ ಜೋಡಿಯನ್ನು. ಅವ್ಯಯಗಳು ಕಾಲವನ್ನು ಯಾವ ದಿಕ್ಕಿಗೆ ತಿರುಗಿಸುತ್ತವೆ ಎಂಬುದನ್ನಲ್ಲ.

ಈ ಗೊಂದಲ ಕಲಿಕಾರ್ಥಿಯ ದಡ್ಡತನವೂ ಅಲ್ಲ. ಬುಧವಾರದ ಸಭೆಯನ್ನು ಎರಡು ದಿನ ‘ಮೂವ್ಡ್ ಫಾರ್ವರ್ಡ್’ ಮಾಡಲಾಗಿದೆ ಎಂದಾಗ ಇಂಗ್ಲಿಷ್ ಭಾಷಿಕರಲ್ಲೇ ಕೆಲವರು ಸೋಮವಾರ ಎನ್ನುತ್ತಾರೆ, ಕೆಲವರು ಶುಕ್ರವಾರ ಎನ್ನುತ್ತಾರೆ. ಬೊರೊಡಿಟ್ಸ್ಕಿ ಮತ್ತು ರಾಮ್‌ಸ್ಕರ್ (2002) ಅವರ ಪ್ರಯೋಗಗಳಿಂದ ಇದು ಸುಪರಿಚಿತ. ನಾವು ಕಾಲದತ್ತ ಸಾಗುತ್ತೇವೋ, ಕಾಲ ನಮ್ಮತ್ತ ಬರುತ್ತದೋ ಎಂಬ ಎರಡು ಚಿತ್ರಗಳು ಅಲ್ಲಿ ಪೈಪೋಟಿ ನಡೆಸುತ್ತವೆ. ಭಾರತೀಯ ಇಂಗ್ಲಿಷ್ ‘ಪ್ರಿಪೋನ್’ ಎಂಬ ಏಕಪದವನ್ನು ಬಳಕೆಗೆ ತಂದದ್ದನ್ನು ಈ ಬೆಳಕಿನಲ್ಲಿ ಒಂದು ಸಮುದಾಯದ ವರ್ಜನೆ ಎಂದೂ ಓದಬಹುದು: ದಿಕ್ಕು ಸಂದಿಗ್ಧವಾದ ಅವ್ಯಯವನ್ನು ಬಿಟ್ಟು, ‘ಪೋಸ್ಟ್’ಗೆ ಎದುರಾಗಿ ‘ಪ್ರಿ’ಯನ್ನು ನಿಲ್ಲಿಸಿದ ಸ್ಪಷ್ಟ ಪರಿಹಾರ ಅದು.

5. ಉಪಸಂಹಾರ

ಪುನರ್ರಚನೆಯನ್ನು ಕೈಬಿಡಬೇಕೆಂಬುದು ಇಲ್ಲಿನ ವಾದವಲ್ಲ. ಪದದ ಬದಲು ಸನ್ನಿವೇಶವನ್ನು ಬದಲಿಸುವ ಪುನರ್ರಚನೆ ಬೇಕು. ದಿನಾಂಕಗಳನ್ನು ಕೊಟ್ಟು, ಹಿಂದಿನ ದಿನ ಯಾವುದು, ಹೊಸ ದಿನ ಯಾವುದು ಎಂಬುದನ್ನು ನೋಡಿ ‘ಪುಟ್ ಆಫ್’ ಅಥವಾ ‘ಬ್ರಿಂಗ್ ಫಾರ್ವರ್ಡ್’ ಆರಿಸುವಂತಿರಲಿ. ನಾಮಪದದ ಕರ್ಮವಿರುವ ವಾಕ್ಯವನ್ನು ಸರ್ವನಾಮಕ್ಕೆ ತಿರುಗಿಸುವ ಹಂತವೊಂದಿರಲಿ. ಅದೇ ಸಂಗತಿಯನ್ನು ಒಮ್ಮೆ ಸೂಚನಾಫಲಕಕ್ಕೂ ಒಮ್ಮೆ ಗೆಳೆಯನಿಗೂ ಬರೆಯಿಸಲಿ. ‘ಕೆಟ್ಟಿತು’, ‘ಕೆಟ್ಟುನಿಂತಿತು’ಗಳ ಭೇದವನ್ನು ಮೊದಲು ಕನ್ನಡದಲ್ಲೇ ಕೇಳಿ, ಆಮೇಲೆ ಇಂಗ್ಲಿಷಿಗೆ ಹೋಗಲಿ.

ಸಂಶೋಧನೆಗೂ ಇಲ್ಲೊಂದು ಕೆಲಸ ಕಾದಿದೆ. ವರ್ಜನೆಯ ಅಧ್ಯಯನಗಳು ಮಾತೃಭಾಷೆಯಲ್ಲಿ ಫ್ರೇಸಲ್ ವರ್ಬ್ ಇದೆ ಅಥವಾ ಇಲ್ಲ ಎಂಬ ಎರಡೇ ಕೋಣೆಗಳನ್ನಿಟ್ಟುಕೊಂಡರೆ ಕನ್ನಡಕ್ಕೆ ಅವುಗಳಲ್ಲಿ ಜಾಗವಿಲ್ಲ. ರೂಪ ಬೇರೆ, ಕಾರ್ಯ ಸಮೀಪ, ದಿಕ್ಕು ಕೆಲವೆಡೆ ವಿರುದ್ಧ ಎಂಬ ಮೂರನೆಯ ಸ್ಥಿತಿಯನ್ನು ಪರೀಕ್ಷಿಸಲು ಗಡಿಭಾಗದ ಬಹುಭಾಷಿಕ ತರಗತಿಗಿಂತ ತಕ್ಕ ಸ್ಥಳ ವಿರಳ. ಅಲ್ಲಿಯವರೆಗೆ ಶಿಕ್ಷಕರು ಮಾಡಬಹುದಾದ ಕನಿಷ್ಠ ಕೆಲಸವೆಂದರೆ, ಉತ್ತರ ಸರಿಯಾದ ಮೇಲೂ ಇನ್ನೊಂದು ಪ್ರಶ್ನೆ ಕೇಳುವುದು: ಹಾಗಾದರೆ ಪರೀಕ್ಷೆ ಯಾವತ್ತು?